ಕವಳಿ ಹಣ್ಣಿನಾಕೆಯ ಆಡು

ಖರೆ-ಸುಳ್ಳು ತೂಗಲು ನಮ್ಮ ಅಜ್ಜಿಗೆ ಗೊತ್ತಿದ್ದುದು ಒಂದೇ ತಕ್ಕಡಿ, ಕೊರಳ ಲಿಂಗ. ತನ್ನ ಲಿಂಗ ಮುಟ್ಟಿ ಹೇಳಿದವರ ಮಾತಿಗೆ ಎದುರಿಲ್ಲ. ಸಾಂಬ್ರಾಣಿ ಎಂಬ ಊರಿನ ತನ್ನ ತವರಿನಲ್ಲಿ ಎಮ್ಮೆ ಕಳೆದರೂ ಹೀಗೇ ವಿಚಾರಣೆ ನಡೆಯುತ್ತಿತ್ತಂತೆ. ಅಪ್ಪನೋ, ದಾಂಡೇಲಿಯ ಕಾಗದದ ಕಾರ್ಖಾನೆ ಸೇರಿದ ಮೇಲೆ ತನ್ನ ಲಿಂಗವನ್ನು ಗೂಡಿನಲ್ಲಿಟ್ಟವನು ಮತ್ತೆ ಕಟ್ಟಿಕೊಳ್ಳಲಿಲ್ಲ. ಮಕ್ಕಳಿಗೆ ದೇವರ ಅಂಜಿಕೆ ಹಾಕಬಾರದೆಂದು ಅವನ ಹಟ. ಇಬ್ಬರ ನಡುವೆ ನಾನು, ಎಂಟು ವರ್ಷದವಳು.

ಆ ಬೇಸಿಗೆಯಲ್ಲಿ ಅಜ್ಜಿ ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಸಂಡಿಗೆ ಹಾಕಿ, ಕೈಗೊಂದು ಕೋಲು ಕೊಟ್ಟು ನನ್ನನ್ನು ಕಾವಲಿಗೆ ಕೂರಿಸಿದ್ದಳು. ನಾನು ಕುಂಟಾಬಿಲ್ಲೆ ಆಡಲು ಹೋದೆ. ತಿರುಗಿ ಬರುವಷ್ಟರಲ್ಲಿ ಮಂಗಗಳು ಅರ್ಧ ತಿಂದು ಉಳಿದರ್ಧ ತುಳಿದಿದ್ದವು. ಅಜ್ಜಿ ಕೇಳಿದಾಗ ಬಾಯಿಗೆ ಬಂದದ್ದು ಕಾಡಿನ ಕವಳಿ ಹಣ್ಣು ಮಾರುವಾಕೆಯ ಆಡು. ಜೋಯಿಡಾ ಕಡೆಯ ಆ ಹೆಂಗಸು ಬುಟ್ಟಿ ಹೊತ್ತು ಬಂದರೆ ಆಡೂ ಹಿಂದೆಯೇ ಬರುತ್ತಿತ್ತು. ನಾನು ಓಡಿಸಹೋದೆ, ಅದು ಹಾಯಲು ಬಂತು ಎಂದೂ ಸೇರಿಸಿದೆ.

ಅಜ್ಜಿ ತನ್ನ ಕೊರಳ ಲಿಂಗವನ್ನು ನನ್ನತ್ತ ಚಾಚಿದಳು. "ಲಿಂಗ ಮುಟ್ಟಿ ಹೇಳು."

ನನ್ನ ಕೈ ಮೇಲೇಳಲಿಲ್ಲ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎಲ್ಲ ಒಪ್ಪಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಪಾಳಿ ಮುಗಿಸಿ ಬಂದ ಅಪ್ಪ ತಡೆದ. "ಬ್ಯಾಡವ್ವ. ಅಂಜಿಸಿ ಹೇಳಿಸಿದ್ದು ಖರೇನ? ಆಕಿ ಹೇಳ್ಯಾಳ, ನಾ ನಂಬೇನಿ."

ಹೀಗೆ ನನ್ನ ಸುಳ್ಳು ಉಳಿಯಿತು. ಖರೆ ಹೇಳಲೆಂದೇ ಅಪ್ಪ ಮಾಡಿದ್ದ ಏರ್ಪಾಡಿನಲ್ಲಿ ಸುಳ್ಳಿಗೆ ಇಷ್ಟು ಸಲೀಸಾಗಿ ಜಾಗ ಸಿಕ್ಕಿದ್ದು ಹೇಗೆಂದು ನನಗೆ ತಿಳಿಯಲಿಲ್ಲ. ಇತ್ತ ಅಜ್ಜಿ ಕಾರ್ಖಾನೆಯ ಸಾಲುಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿದಳು. ಆ ಹೆಂಗಸಿನ ಹಣ್ಣು ಕೊಳ್ಳುವವರೇ ಇಲ್ಲವಾದರು.

ನಾಲ್ಕನೆಯ ದಿನ ಹೆಂಗಸು ಒಬ್ಬಳೇ ಬಂದಳು. ಕೊಂಕಣಿ ಬೆರೆತ ಕನ್ನಡದಲ್ಲಿ ಆಡಿನ ಪರವಾಗಿ ತಾನೇ ತಪ್ಪೊಪ್ಪಿಕೊಂಡು, ಎಲೆಯ ದೊನ್ನೆ ತುಂಬ ಹಣ್ಣನ್ನು ಕಟ್ಟೆಯ ಮೇಲಿಟ್ಟಳು. ಆಡು ಇತ್ತ ಬಂದದ್ದನ್ನು ಆಕೆ ಕಂಡಿರಲಿಲ್ಲವಂತೆ. "ಆದ್ರ ಸಣ್ಣ ಹುಡುಗಿ ಸುಳ್ಳ ಯಾಕ ಹೇಳ್ತದ? ಅದನ್ನ ಮನ್ಯಾಗ ಕಟ್ಟಿ ಹಾಕೇನಿ, ಅವ್ವಾ. ದಿನಾ ಒದರ್ತದ."

"ಮಂಗ್ಯಾ ತಿಂದಾವು," ಎಂದೆ. ಹೇಳಬೇಕೆಂದು ಹೇಳಿದ್ದಲ್ಲ.

ಯಾರೂ ನನ್ನನ್ನು ಹೊಡೆಯಲಿಲ್ಲ. ಹೆಂಗಸು ಬೈಯಲೂ ಇಲ್ಲ, ಆಡನ್ನು ಬಿಚ್ಚಿ ಬಿಡಬೇಕು ಎನ್ನುತ್ತ ಬುಟ್ಟಿ ಎತ್ತಿಕೊಂಡು ಬಿರಬಿರನೆ ಹೊರಟುಬಿಟ್ಟಳು. ಅಜ್ಜಿ ಮಾತ್ರ ಕೊರಳ ಲಿಂಗವನ್ನು ಕಣ್ಣಿಗೊತ್ತಿಕೊಂಡು, ಅಪ್ಪನಿಗೆ ಕೇಳಿಸಲೆಂದೇ ಅಂದಳು: "ಮುಟ್ಟದಿದ್ರೂ ನುಡಿಸ್ತು ನೋಡು."

"ನಂಬಿದೆ, ಅದಕ್ಕ ಹೇಳಿದ್ಳು," ಎಂದ ಅಪ್ಪ.

ಇಬ್ಬರ ಆ ವಾದ ಊಟದವರೆಗೂ ನಡೆಯಿತು. ಖರೆ ಏಕೆ ಹೇಳಿದೆಯೆಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆ? ಆ ಹೊತ್ತಿನಲ್ಲಿ ನನಗೆ ಲಿಂಗದ ನೆನಪಿರಲಿಲ್ಲ, ಅಪ್ಪನ ನೆನಪೂ ಇರಲಿಲ್ಲ. ಕಟ್ಟಿಸಿಕೊಂಡು ಒದರುವ ಆಡೊಂದೇ ಕಿವಿಯಲ್ಲಿತ್ತು. ಮುಂದೆ ನನ್ನ ಮಕ್ಕಳು ಸುಳ್ಳು ಹೇಳಿದಾಗ ಅಂಜಿಸಲೋ ನಂಬಲೋ ತಿಳಿಯದೆ ಎರಡನ್ನೂ ಮಾಡಿ, ಎರಡರಲ್ಲೂ ಸೋತಿದ್ದೇನೆ. ಮನೆಯಲ್ಲಿ ಆಡಂತೂ ಇರಲಿಲ್ಲ.

ಮರುದಿನ ಅಜ್ಜಿ ನನ್ನ ಕೈ ಹಿಡಿದು ಸಾಲಿನ ಒಂದೊಂದೇ ಬಾಗಿಲಿಗೆ ಕರೆದೊಯ್ದು, ಮಂಗಗಳ ಸಂಗತಿಯನ್ನು ನನ್ನ ಬಾಯಿಂದಲೇ ಹೇಳಿಸಿದಳು. ಒಂದು ಮನೆಯಲ್ಲೂ ಲಿಂಗ ಮುಟ್ಟು ಎನ್ನಲಿಲ್ಲ. ಕೊನೆಯ ಮನೆ ತಲುಪುವ ಮೊದಲೇ ಬುಟ್ಟಿಯಾಕೆ ಎದುರಾದಳು, ಹಿಂದೆ ಆಡು. ನನ್ನನ್ನು ಕಂಡದ್ದೇ ಅದು ನಿಜವಾಗಿಯೂ ಹಾಯಲು ಬಂತು.