ಸರ್ಕಾರಿ ಕಟ್ಟಡದ ಗೋತ್ರ

ನನ್ನ ಅಧ್ಯಕ್ಷಗಿರಿ ಹೋಗಿದ್ದು ಒಂದು ಹೋಮ ನಿಲ್ಲಿಸಿದ್ದಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಕಡೆ ಬೇರೆ ಬೇರೆ ಕಾರಣ ಹೇಳಿಕೊಂಡು ತಿರುಗುವವರಿದ್ದಾರೆ. ಕೆಲಸ ಮಾಡಿಸಲಿಲ್ಲ ಅಂತ ಒಬ್ಬರು, ಯಾರ ಮಾತೂ ಕೇಳುವುದಿಲ್ಲ ಅಂತ ಇನ್ನೊಬ್ಬರು. ಎರಡನೆಯದು ಸ್ವಲ್ಪ ನಿಜ. ಆದರೆ ಅವಿಶ್ವಾಸದ ಕಾಗದಕ್ಕೆ ಸಹಿ ಬಿದ್ದದ್ದು ಹೋಮ ನಿಂತ ಮೂರನೇ ದಿನ, ಅಷ್ಟು ಗೊತ್ತಿದ್ದರೆ ಸಾಕು.

ನಮ್ಮದು ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಗ್ರಾಮ ಪಂಚಾಯಿತಿ. ಹೆಸರು ಬೇಡ. ಆ ಸಲ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ನನ್ನ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಾಳಗಡಿಯ ಕಾಲೇಜಿನಲ್ಲಿ ಡಿಗ್ರಿ ಮಾಡಿದ್ದೆ, ಗದ್ದೆ ತೋಟ ನಾನೇ ನೋಡಿಕೊಳ್ಳುತ್ತಿದ್ದೆ. 'ಓದಿದ ಹೆಂಗಸು, ಆಗಲಿ' ಎಂದರು. ಒಳಗಿನ ಹಂಚಿಕೆ ಬೇರೆ ಇತ್ತು. ನಮ್ಮ ಕಡೆ ಅಧ್ಯಕ್ಷೆಯ ಗಂಡ ಅನ್ನುವುದೂ ಒಂದು ಹುದ್ದೆ, ಬೋರ್ಡಿನಲ್ಲಿ ಬರೆಯುವುದಿಲ್ಲ ಅಷ್ಟೆ. ನನಗೆ ಗಂಡ ಇಲ್ಲದ್ದರಿಂದ ಆ ಹುದ್ದೆಗೆ ನನ್ನ ಮೈದುನ ತಾನಾಗಿ ಬಂದು ಕೂತ. ಅವನು ಅದೇ ಪಂಚಾಯಿತಿಯ ಉಪಾಧ್ಯಕ್ಷ ಬೇರೆ.

ಹಳೆಯ ಆಫೀಸಿನ ಗೋಡೆಯ ಮೇಲೆ ದೇವರ ಫೋಟೋಗಳು ಸಾಲಾಗಿದ್ದವು. ಬೆಳಿಗ್ಗೆ ಬಿಲ್ ಕಲೆಕ್ಟರ್ ಬಂದವನು ಮೊದಲು ಫೋಟೋಗಳಿಗೆ ಊದುಬತ್ತಿ ಬೆಳಗಿ, ಆಮೇಲೆ ಅದನ್ನೇ ಕಂಪ್ಯೂಟರಿಗೂ ಮೂರು ಸುತ್ತು ತಿರುಗಿಸುತ್ತಿದ್ದ. ಸರ್ವರ್ ಬರಲಿ ಅಂತ. ಸರ್ವರ್ ಬರುತ್ತಿರಲಿಲ್ಲ. ನಾನು ಅದನ್ನು ನೋಡಿ ನಗುತ್ತಿದ್ದೆ, ಏನೂ ಅನ್ನುತ್ತಿರಲಿಲ್ಲ. ಎರಡು ಆಯುಧಪೂಜೆ ಹಾಗೇ ಕಳೆದವು. ಹೊಸ ಕಟ್ಟಡದ ಗುದ್ದಲಿ ಪೂಜೆಯ ದಿನ ಕಾಯಿ ಒಡೆಯಲು ನನ್ನನ್ನು ಕರೆಯಲಿಲ್ಲ. ಮೈದುನನ ಹೆಂಡತಿ ಒಡೆದಳು, ನಾನು ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಸಿಟ್ಟು ಬರಲಿಲ್ಲ. ಯಾರೂ ಮುಖ ಸಿಂಡರಿಸಲಿಲ್ಲವಲ್ಲ, ಸದ್ಯ ಅಂದುಕೊಂಡೆ. ಆ ಸಮಾಧಾನ ನೆನಪಾದರೆ ಇವತ್ತಿಗೂ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಕಟ್ಟಡ ಮುಗಿಯಿತು. ಉದ್ಘಾಟನೆಗೆ ಮೊದಲು ಬೆಳಿಗ್ಗೆ ಗಣಹೋಮ, ವಾಸ್ತುಹೋಮ ಎಂದು ಮೀಟಿಂಗಿನಲ್ಲಿ ಮೈದುನ ಹೇಳಿದ. ಉಳಿದವರು ತಲೆಯಾಡಿಸಿದರು. ಸರ್ಕಾರಿ ಕಟ್ಟಡಕ್ಕೆ ಹೋಮ ಎಂತಕ್ಕೆ ಎಂದು ನಾನು ಕೇಳಿದ್ದು ಹೌದು. 'ಎಲ್ಲಾ ಕಡೆ ಮಾಡ್ತಾರೆ ಅತ್ತಿಗೆ' ಎಂದ. ಅದಕ್ಕೆ ನಾನು ಸುಮ್ಮನಾದೆ. ಎಲ್ಲಾ ಕಡೆ ಮಾಡ್ತಾರೆ ಅನ್ನುವ ಮಾತಿನ ಮುಂದೆ ನಮ್ಮ ಊರಿನಲ್ಲಿ ಕಾನೂನೂ ಸುಮ್ಮನಾಗುತ್ತದೆ.

ಉದ್ಘಾಟನೆ ಗೊತ್ತಾಗಿದ್ದ ಬುಧವಾರಕ್ಕೆ ಒಂದು ವಾರ ಮುಂಚೆ ಕೊಪ್ಪದ ಪ್ರೆಸ್ಸಿನಿಂದ ಆಮಂತ್ರಣದ ಪ್ರೂಫ್ ನನ್ನ ಮೊಬೈಲಿಗೆ ಬಂತು. ಮೇಲೆ ಮೈದುನ ಮತ್ತು ಅವನ ಹೆಂಡತಿಯ ಹೆಸರು, 'ದಂಪತಿಗಳ ಯಜಮಾನತ್ವದಲ್ಲಿ' ಎಂದು. ನನ್ನ ಹೆಸರು ಕೆಳಗೆ, ಊಟದ ಸಮಯದ ಪಕ್ಕದಲ್ಲಿ, 'ಉಪಸ್ಥಿತಿ' ಎಂದು. ಕಟ್ಟಡದ ಜಾಗಕ್ಕಾಗಿ ತಾಲ್ಲೂಕು ಆಫೀಸಿನ ಮೆಟ್ಟಿಲು ಹತ್ತಿ ಇಳಿದು ಚಪ್ಪಲಿ ಸವೆಸಿದವಳು ನಾನು. ಅನ್ನ ಸಾರು ಬಡಿಸುವ ಹೊತ್ತಿಗೆ ನಾನು ಉಪಸ್ಥಿತಿ. ಅವತ್ತು ಸಿಟ್ಟು ಬಂತು.

ಮಾರನೇ ದಿನ ಪುರೋಹಿತರು ಸಾಮಾನಿನ ಪಟ್ಟಿ ಕೊಡಲು ಆಫೀಸಿಗೆ ಬಂದರು. ಶೃಂಗೇರಿ ಕಡೆಯ ವಯಸ್ಸಾದ ಭಟ್ಟರು, ಮೆದು ಮಾತಿನವರು. ಸಂಕಲ್ಪ ಯಾರ ಹೆಸರಲ್ಲಿ ಎಂದು ಕೇಳಿದರು.

"ಅಧ್ಯಕ್ಷರ ಹೆಸರಲ್ಲಿ," ಎಂದೆ.

ಅವರು ನನ್ನ ಹಣೆ ನೋಡಿ, ಕೈ ನೋಡಿ, ಪಟ್ಟಿಯ ಕಡೆ ತಿರುಗಿದರು. "ದಂಪತಿಗಳೇ ಕೂರಬೇಕಾದ್ದು ಕ್ರಮ ಅಮ್ಮ. ನಿಮ್ಮ ಮೈದುನನೋರು ಕೂರ್ತಾರೆ ಅಂದಿದ್ರು. ಅವ್ರ ಗೋತ್ರ ಎಂತ?"

"ಭಟ್ರೇ, ಮನೆ ಅವನದ್ದಲ್ಲ, ಪಂಚಾಯಿತಿದು. ಪಂಚಾಯಿತಿ ಗೋತ್ರ ಎಂತ ಅಂತ ಕೇಳಿ."

ಅವರು ನಿಜವಾಗಿಯೂ ಯೋಚನೆ ಮಾಡಿದರು. "ಗೊತ್ತಿಲ್ಲದೋರಿಗೆ ಕಾಶ್ಯಪ ಅಂತ ಹೇಳದು ರೂಢಿ."

ಒಂಬತ್ತು ಸದಸ್ಯರಲ್ಲಿ ಇಬ್ಬರು ದಲಿತರು, ಒಬ್ಬಳು ಮುಸ್ಲಿಂ ಹೆಂಗಸು. ಅವರನ್ನು ಯಾವ ದೇವಸ್ಥಾನದ ಪಂಕ್ತಿಯಲ್ಲಿ ಎಲ್ಲಿ ಕೂರಿಸುತ್ತಾರೆ ಎಂಬುದು ಭಟ್ಟರಿಗೂ ಗೊತ್ತು, ನನಗೂ ಗೊತ್ತು. ಅವರೆಲ್ಲ ಒಂದೇ ಬೆಳಿಗ್ಗೆಗೆ ಕಾಶ್ಯಪ ಗೋತ್ರದವರಾಗಿಬಿಡುವುದು, ಮಧ್ಯಾಹ್ನದ ಎಲೆ ಹಾಕುವಾಗ ಮತ್ತೆ ಬೇರೆಯಾಗುವುದು. ನಾನು ನಕ್ಕುಬಿಟ್ಟೆ. ಭಟ್ಟರಿಗೆ ಬೇಸರವಾಯಿತೋ ಏನೋ, ಪಟ್ಟಿ ಮೇಜಿನ ಮೇಲಿಟ್ಟು ಹೋದರು.

ಆದರೆ ಆಗಲೂ ನನ್ನ ತಲೆಯಲ್ಲಿದ್ದದ್ದು ಹೋಮ ನಿಲ್ಲಿಸುವುದಲ್ಲ. ನಾನೇ ಕೂರಬೇಕು, ಒಬ್ಬಳೇ ಕೂರಬೇಕು, ಎಲ್ಲರೂ ನೋಡಬೇಕು. ಅದೇ ಹಟ. ಹಾಗೇ ಸೀದಾ ಮುಸ್ಲಿಂ ಸದಸ್ಯೆಯ ಹೊಲಿಗೆ ಅಂಗಡಿಗೆ ಹೋದೆ. ರಸ್ತೆ ಪಕ್ಕದ ಸಣ್ಣ ಅಂಗಡಿ. ನನ್ನ ರವಿಕೆಗಳನ್ನೆಲ್ಲ ಹೊಲಿಯುವವಳು ಅವಳೇ. ಪಂಚಾಯಿತಿಯಲ್ಲಿ ನನ್ನ ಜೊತೆ ನಿಲ್ಲುವ ಒಂದೇ ಜೀವ ಅವಳು ಎಂದು ನಾನು ನಂಬಿದ್ದೆ.

"ನೀನು ನನ್ನ ಪರ ಮಾತಾಡ್ಬೇಕು ಮಾರಾಯ್ತಿ," ಎಂದೆ. "ದಂಪತಿ ಗಿಂಪತಿ ಬೇಡ, ಅಧ್ಯಕ್ಷೆ ಒಬ್ಬಳೇ ಹೋಮಕ್ಕೆ ಕೂರ್ತಾಳೆ ಅಂತ."

ಅವಳು ಮಿಷನ್ನಿನಿಂದ ಕಾಲು ತೆಗೆಯಲಿಲ್ಲ. "ಆಯ್ತು ಅಕ್ಕ. ನಾನೆಲ್ಲಿ ಕೂರದು?"

"ಅಂದ್ರೆ?"

"ನೀವು ಹೋಮದ ಮುಂದೆ ಕೂರ್ತೀರಿ. ನಾನೂ ಒಬ್ಬಳು ಮೆಂಬರು. ನಂಗೆಲ್ಲಿ ಜಾಗ ಹೇಳಿ. ಆಫೀಸಲ್ಲಿ ಪೂಜೆ ಇದ್ದ ದಿನ ಎಲ್ಲ ನಂಗೆ ಜ್ವರ ಬರ್ತದೆ. ನೀವು ಒಂದಿನಾನೂ ಗಮನಿಸಿಲ್ಲ ಅಲ್ವಾ?"

ಗಮನಿಸಿರಲಿಲ್ಲ. ಎರಡು ಆಯುಧಪೂಜೆ, ಒಂದು ಗುದ್ದಲಿ ಪೂಜೆ, ಶ್ರಾವಣದ ಶುಕ್ರವಾರಗಳು. ಹುಷಾರಿಲ್ಲ ಎಂದು ಫೋನ್ ಮಾಡುತ್ತಿದ್ದಳು, ನಾನು ಕಷಾಯ ಕುಡಿ ಅನ್ನುತ್ತಿದ್ದೆ. ಅಷ್ಟು ಬುದ್ಧಿವಂತೆ ನಾನು.

"ನಮ್ಮೋರೂ ಎಂತ ಕಮ್ಮಿ ಇಲ್ಲ," ಅವಳು ದಾರ ಕಚ್ಚಿ ಕಡಿಯುತ್ತ ಹೇಳಿದಳು. "ಗೆದ್ದೋಳು ನಾನು, ಮೀಟಿಂಗಿಗೆ ಗಂಡನ್ನ ಕಳಿಸು, ಗಂಡಸರ ಮಧ್ಯೆ ಹೋಗಿ ಕೂರ್ಬೇಡ ಅಂದ್ರು. ಅದಕ್ಕೆ ಧರ್ಮದ್ದೇ ಹೆಸರು. ನಾನು ಜಗಳ ಆಡಿ ಬಂದಿದ್ದು ಅಲ್ಲಿಂದ. ಇಲ್ಲಿ ನೋಡಿದ್ರೆ ನೀವು ಹೋಮದ ಮುಂದೆ ಯಾರು ಕೂರದು ಅಂತ ಜಗಳ ಆಡ್ತಾ ಇದೀರಿ. ಆ ಕಟ್ಟಡ ಒಂದಾದ್ರೂ ಯಾರ ದೇವರೂ ಇಲ್ಲದೆ ಖಾಲಿ ಇರ್ಲಿ ಅಕ್ಕ."

ನನ್ನನ್ನು ಹೊರಗಿಟ್ಟದ್ದಕ್ಕೆ ನಾನು ಕೂಗಾಡುತ್ತಿದ್ದೆ, ನನ್ನ ಕಣ್ಣೆದುರೇ ಇನ್ನೊಬ್ಬಳನ್ನು ಹೊರಗಿಟ್ಟದ್ದು ನನಗೆ ಕಂಡಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಟೀ ತರಿಸಿದಳು.

ಭಾನುವಾರ ಮೈದುನನ ಹೆಂಡತಿ ಹಿತ್ತಲ ಬಾಗಿಲಿನಿಂದ ಬಂದಳು. ನನ್ನ ವಾರಗಿತ್ತಿ, ನನಗಿಂತ ಹತ್ತು ವರ್ಷ ಚಿಕ್ಕವಳು, ಮನೆ ಪಕ್ಕದಲ್ಲೇ. ಗಂಡನ ಮುಂದೆ ಗಟ್ಟಿಯಾಗಿ ಸೀನಿದವಳೂ ಅಲ್ಲ. ಬಂದವಳು ಅಡುಗೆಮನೆಯ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಪಾದ ಬಾತುಕೊಂಡಿತ್ತು. ತಲೆಶೂಲೆ, ವಾಕರಿಕೆ.

"ಎಂತ ಆಯ್ತೇ?"

"ಮಾತ್ರೆ ತಗೊಳ್ತಾ ಇದೀನಿ ಅಕ್ಕ. ಬುಧವಾರಕ್ಕೆ ಸರಿಯಾಗಿ ದಿನ ಬರೋದಿತ್ತು. ಹೋಮಕ್ಕೆ ಕೂರ್ಬೇಕಲ್ಲ, ಮುಂದೆ ಹಾಕು ಅಂತ ಇವ್ರೇ ಮೆಡಿಕಲ್ಲಿಂದ ತಂದ್ರು." ಬಾತ ಪಾದ ಒತ್ತಿಕೊಳ್ಳುತ್ತ ಹೇಳಿದಳು, "ನವರಾತ್ರಿಗೆ ತಗೊಂಡೆ, ಮಾವನ ತಿಥಿಗೆ ತಗೊಂಡೆ, ನಾದಿನಿ ಮದುವೆಗೂ. ಈಗ ಪಂಚಾಯಿತಿಗೆ. ನಂಗೆ ಸಾಕಾಗ್ಯದೆ."

ಮುಟ್ಟು ಮುಂದೆ ಹಾಕುವ ಆ ಮಾತ್ರೆ ನಮ್ಮ ಸೀಮೆಯ ಯಾವ ಹೆಂಗಸಿಗೆ ಗೊತ್ತಿಲ್ಲ. ನಾನೂ ಗಂಡ ಇರುವಾಗ ನುಂಗಿದವಳೇ. ಗಂಡ ಸತ್ತಮೇಲೆ ಯಾರಿಗೂ ನನ್ನ ದಿನ ಯಾವಾಗ ಎಂದು ತಿಳಿಯುವ ಅಗತ್ಯ ಬೀಳಲಿಲ್ಲ, ಹೇಗೂ ನಾನು ಮುಂದೆ ಬರುವವಳಲ್ಲ. ಮುತ್ತೈದೆ ಮುತ್ತೈದೆ ಎಂದು ಇವಳನ್ನು ಮಣೆಯ ಮೇಲೆ ಕೂರಿಸುತ್ತಾರೆ. ಕೂರಿಸುವ ಮೊದಲು ಮೈಯೊಳಗೆ ನಡೆಯುವುದನ್ನೂ ತಡೆಹಿಡಿ ಅನ್ನುತ್ತಾರೆ. ಈ ಗೌರವ ಯಾರಿಗೆ ಬೇಕು?

"ಇವತ್ತಿಂದ ನುಂಗಬೇಡ," ಎಂದೆ. "ಹೋಮ ಇಲ್ಲ."

ಸೋಮವಾರ ಬೆಳಿಗ್ಗೆ ಪಂಚಾಯಿತಿಯ ಅಧಿಕಾರಿ ಪಿಡಿಒ ಕೈಗೆ ಒಂದು ಟಿಪ್ಪಣಿ ಬರೆದು ಕೊಟ್ಟೆ. ಹೊಸ ಕಟ್ಟಡದಲ್ಲಿ ಯಾವ ಧರ್ಮದ ಯಾವ ವಿಧಿಯೂ ನಡೆಯುವುದಿಲ್ಲ, ಬುಧವಾರ ಹತ್ತು ಗಂಟೆಗೆ ಬೀಗ ತೆಗೆದು ಕೆಲಸ ಶುರು, ಹಳೆಯ ಆಫೀಸಿನ ಫೋಟೋಗಳನ್ನು ಬೇಕಾದವರು ಮನೆಗೆ ಒಯ್ಯಬಹುದು. ಪಿಡಿಒ ಎರಡು ಸಲ ಓದಿ, "ಮೇಡಂ, ಗಲಾಟೆ ಆಗ್ತದೆ," ಎಂದರು. ಆಗಲಿ ಎಂದೆ. ಭಟ್ಟರಿಗೆ ನಾನೇ ಫೋನ್ ಮಾಡಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. "ನಿಮ್ಮ ಮನೇಲಿ ಬೇಕಾದಾಗ ಕರೀರಿ ಅಮ್ಮ, ಬರ್ತೀನಿ," ಎಂದರು. ಮನೆಯಲ್ಲಿ ಯಾರು ಏನು ಮಾಡಿಕೊಂಡರೂ ನನ್ನದು ತಕರಾರಿಲ್ಲ ಎಂದು ಹೇಳಿದೆ. ಅವರಿಗೆ ಅರ್ಥವಾದಷ್ಟು ಸಹ ನಮ್ಮ ಮೆಂಬರುಗಳಿಗೆ ಅರ್ಥವಾಗಲಿಲ್ಲ.

ಮಂಗಳವಾರ ಮೈದುನ ಐದು ಜನರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದ. ಧರ್ಮ ಬಿಟ್ಟವಳು ಎಂದ. ಯಾರದೋ ಮಾತು ಕೇಳಿ ಕುಣಿಯುತ್ತಿದ್ದೇನೆ ಎಂದ. ಹೊಲಿಗೆ ಅಂಗಡಿಯ ಕಡೆಗೆ ಕೈ ತೋರಿಸಿಯೇ ಹೇಳಿದ. ಹೋಮ ಆಗದಿದ್ದರೆ ನಿಮ್ಮ ಕುರ್ಚಿ ಇರುವುದಿಲ್ಲ ಎಂದೂ ಹೇಳಿದ. ಒಂಬತ್ತರಲ್ಲಿ ಆರು ಜನ ಅಂಗಳದಲ್ಲೇ ನಿಂತಿದ್ದರು, ಎಣಿಸಿಕೊಳ್ಳಲು ಕಷ್ಟವಿರಲಿಲ್ಲ. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು. ಒಳಗೆ ಹೋಗಿ ನೀರು ಕುಡಿದು ಬಂದೆ. "ಕುರ್ಚಿ ತಗೊಂಡು ಹೋಗಿ, ಬೀಗದ ಕೈ ನಾಳೆ ಹತ್ತು ಗಂಟೆವರೆಗೆ ನನ್ನ ಹತ್ರ ಇರ್ತದೆ," ಎಂದೆ.

ಬುಧವಾರ ಹೊಸ ಕಟ್ಟಡದ ಮುಂದೆ ಜಾತ್ರೆಗೆ ಸೇರಿದಷ್ಟು ಜನ. ಉದ್ಘಾಟನೆಗೆ ಬಂದವರು ಕಡಿಮೆ, ಏನಾಗುತ್ತದೆ ನೋಡೋಣ ಎಂದು ಬಂದವರೇ ಹೆಚ್ಚು. ತೋರಣ ಇರಲಿಲ್ಲ, ಬಾಳೆಕಂಬ ಇರಲಿಲ್ಲ. ನಾನು ಬೀಗಕ್ಕೆ ಕೈ ಹಾಕುವಾಗ ಮೈದುನ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಅತ್ತಿಗೆ, ಮನೆಗೆ ಬಂದಿದ್ದನ್ನ ಊರಿಗೆ ತರ್ಬೇಡಿ. ಬೇರೆ ಯಾರಾದ್ರೂ ಮೊದಲು ಒಳಗೆ ಹೋಗ್ಲಿ."

ಅಷ್ಟು ಜನರ ಮುಂದೆ ಅವನು ಆ ಮಾತು ಆಡುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಆದರೂ ತಿರುಗಿ ಹೇಳಿದೆ. "ನಿನ್ನಣ್ಣ ಸತ್ತಿದ್ದು ಹೃದಯ ನಿಂತು ಮಾರಾಯ. ನಾನು ಹೊಸಿಲು ದಾಟಿದ್ದಕ್ಕಲ್ಲ."

ಬೀಗ ತೆಗೆದು ಒಳಗೆ ಹೋದೆ. ಯಾವ ಕಾಲು ಮೊದಲು ಇಟ್ಟೆ ಎಂದು ಆಮೇಲೆ ಎಷ್ಟೋ ಹೆಂಗಸರು ಕೇಳಿದ್ದಾರೆ. ನೆನಪಿಲ್ಲ. ಒಳಗೆ ಸುಣ್ಣದ ವಾಸನೆ ಇತ್ತು, ಕಿಟಕಿ ತೆಗೆದೆ, ಮೇಜಿನ ಧೂಳು ಒರೆಸಿ ಕುರ್ಚಿಯಲ್ಲಿ ಕೂತೆ. ಹೊಲಿಗೆ ಅಂಗಡಿಯವಳು ಬಂದು ಎದುರಿಗೆ ಕೂತಳು. ಇಬ್ಬರು ದಲಿತ ಸದಸ್ಯರಲ್ಲಿ ಒಬ್ಬರು ಬಂದರು, ಇನ್ನೊಬ್ಬರು ಹಿಂದಿನ ದಿನ ಅಂಗಳದಲ್ಲಿದ್ದರು, ಬರಲಿಲ್ಲ. ಪಿಡಿಒ ಬಾಗಿಲಲ್ಲಿ ನಿಂತು ಒಳಗೋ ಹೊರಗೋ ಎಂದು ನಿರ್ಧರಿಸಲಾರದೆ ಫೋನಿನಲ್ಲಿ ಮಾತಾಡುತ್ತಿದ್ದರು. ಉಳಿದ ಜನ ಮೆಟ್ಟಿಲ ಕೆಳಗೇ ಉಳಿದರು. ಹತ್ತು ನಿಮಿಷ ಹಾಗೇ ಕಳೆಯಿತು.

ಆಗ ಜನರನ್ನು ಸರಿಸಿಕೊಂಡು ನನ್ನ ವಾರಗಿತ್ತಿ ಬಂದಳು. ನನ್ನನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗಲು ಗಂಡ ಕಳಿಸಿದ್ದಾನೆ ಎಂದೇ ಎಲ್ಲರೂ ತಿಳಿದರು, ನಾನೂ ತಿಳಿದೆ. ಅವಳು ಮೆಟ್ಟಿಲು ಹತ್ತಿ, ಪಿಡಿಒ ಅವರನ್ನು ಸ್ವಲ್ಪ ಸರಿಯಿರಿ ಎಂದು ಒಳಗೆ ಬಂದು, ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು. ಅದು ಉಪಾಧ್ಯಕ್ಷರ ಕುರ್ಚಿ. ಅವಳ ಮುಖ ಬಿಳಿಚಿಕೊಂಡಿತ್ತು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

"ಅಕ್ಕ, ನಂಗೆ ಇವತ್ತು ಒಂದನೇ ದಿನ," ಕಿವಿಯ ಹತ್ತಿರ ಹೇಳಿದಳು.

ಮೈದುನ ಬಾಗಿಲವರೆಗೆ ಬಂದು ನಿಂತ. ಹೊಸಿಲು ದಾಟಲಿಲ್ಲ. "ಎದ್ದು ಬಾ," ಎಂದ.

ಅವಳು ನನ್ನ ಮುಖ ನೋಡಿದಳು. "ಗಟ್ಟಿಯಾಗಿ ಹೇಳ್ಲಾ ಅಕ್ಕ?"

ನಿನ್ನಿಷ್ಟ ಎಂದೆ. ಅವಳು ಎದ್ದು ನಿಂತು, ಮೆಟ್ಟಿಲ ಕೆಳಗಿನವರಿಗೂ ಕೇಳುವ ಹಾಗೆ ಅದನ್ನೇ ಹೇಳಿದಳು. ಆಮೇಲೆ ಅದೇ ಕುರ್ಚಿಯಲ್ಲಿ ಮತ್ತೆ ಕೂತಳು.