ಗೋಲಿನ ಹಿಂದೆ ನಿಂತವನು

೨೦೨೨, ಕತಾರಿನಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದ ವರ್ಷ. ದೋಹಾದ ಒಂದು ಮಾಲಿನೊಳಗಿದ್ದ ಐಸ್ ರಿಂಕಿನಲ್ಲಿ ನಾನು ರೆಫ್ರಿಜರೇಶನ್ ವಿಭಾಗದ ಎಂಜಿನಿಯರ್ ಆಗಿದ್ದೆ. ನಾನು ಗದಗಿನವನು. ನಮ್ಮೂರಲ್ಲಿ ಐಸ್ ಎಂದರೆ ಕಬ್ಬಿನ ಹಾಲಿನ ಅಂಗಡಿಯಲ್ಲಿ ಗೋಣಿಚೀಲ ಹೊದಿಸಿಟ್ಟ ಗಡ್ಡೆ, ಅಷ್ಟೇ. ಅಂಥವನು ಮರಳುಗಾಡಿನಲ್ಲಿ ಮಂಜುಗಡ್ಡೆ ಕಾಯುವ ಕೆಲಸಕ್ಕೆ ಬಂದೆ ಎಂದರೆ ಊರಿನ ಗೆಳೆಯರು ಇಂದಿಗೂ ನಂಬುವುದಿಲ್ಲ.

ರಿಂಕ್ ಎಂದರೆ ಸರಳವಾಗಿ ಹೀಗೆ: ಕಾಂಕ್ರೀಟ್ ನೆಲದೊಳಗೆ ಪೈಪುಗಳ ಜಾಲ, ಅದರಲ್ಲಿ ಗ್ಲೈಕಾಲ್ ಎಂಬ ಹೆಪ್ಪುಗಟ್ಟದ ದ್ರಾವಣ, ಅದರ ಮೇಲೆ ಹೆಬ್ಬೆರಳಿನಷ್ಟು ದಪ್ಪದ ಐಸ್. ಐಸಿನ ಉಷ್ಣತೆ ಮೈನಸ್ ಐದು ಡಿಗ್ರಿ, ಗೋಡೆಯಾಚೆ ನಲವತ್ತೈದು. ಐಸಿನ ಸುತ್ತ ಎದೆಯೆತ್ತರದ ಹಲಗೆಯ ಬೇಲಿ. ನಮ್ಮ ದೊಡ್ಡ ಶತ್ರು ಬಿಸಿಲಲ್ಲ, ತೇವ. ಬೇಸಗೆಯ ಕೊನೆಗೆ ಸಮುದ್ರದ ಕಡೆಯಿಂದ ಒದ್ದೆ ಗಾಳಿ ಬೀಸತೊಡಗಿದರೆ ರಿಂಕಿನೊಳಗೆ ಮಂಜು ಕವಿಯುತ್ತದೆ, ಚಾವಣಿಯಿಂದ ಹನಿ ಬಿದ್ದು ಐಸ್ ಮೇಲೆ ಗುಬುಟು ಏಳುತ್ತದೆ. ಹಾಗಾಗಿ ಆ ದಿನಗಳಲ್ಲಿ ಹೊರಗಾಳಿ ಎಳೆದುಕೊಳ್ಳುವ ಫ್ರೆಶ್ ಏರ್ ಡ್ಯಾಂಪರನ್ನು ಪೂರ್ತಿ ಮುಚ್ಚಿಬಿಡುವುದು ಅಲ್ಲಿಯ ರೂಢಿ. ನಾನು ಸೇರುವ ಮೊದಲಿನಿಂದಲೂ ಅದು ನಡೆದುಬಂದಿತ್ತು. ಆ ವರ್ಷವೂ ಮುಚ್ಚಿದೆವು.

ಅಲ್ಲಿ ಹುಡುಗಿಯರ ಐಸ್ ಹಾಕಿ ತಂಡಕ್ಕೆ ಕೋಚ್ ಆಗಿದ್ದವರು ಪಾವೆಲ್. ಜೆಕ್ ದೇಶದವರು, ಐವತ್ತು ದಾಟಿದ ಆಸಾಮಿ. ಮೂಗು ಸೊಟ್ಟ, ಮುಂದಿನ ಒಂದು ಹಲ್ಲು ಕಟ್ಟಿಸಿದ್ದು. ಊರಿನ ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ಆಡಿ ಬೆಳೆದು, ಹದಿನೆಂಟಕ್ಕೆ ತಮ್ಮ ದೇಶದ ದೊಡ್ಡ ಲೀಗ್ ಸೇರಿದವರು. ಡಿಫೆನ್ಸ್ ಅವರ ಜಾಗ. ನುಗ್ಗಿ ಬರುವವನನ್ನು ಹೆಗಲಿನಿಂದ ಗುದ್ದಿ ತಡೆಯುವುದು ಅವರ ಕೆಲಸ. ಆ ಆಟದಲ್ಲಿ ಅದಕ್ಕೆ ನಿಯಮದ ಒಪ್ಪಿಗೆಯಿದೆ. ಇಪ್ಪತ್ತು ವರ್ಷ ಹಾಗೆ ಗುದ್ದಿ, ಗುದ್ದಿಸಿಕೊಂಡು, ಕೊನೆಗೆ ಮೊಣಕಾಲು ಕೈಕೊಟ್ಟ ಮೇಲೆ ಕೋಚ್ ಆದರು. ಆಸ್ಟ್ರಿಯಾ, ಇಟಲಿ ಸುತ್ತಿ ದೋಹಾಕ್ಕೆ ಬಂದಿದ್ದರು. ತಲೆಗೆ ಬಿದ್ದ ಪೆಟ್ಟುಗಳು ಮುಂದೆ ಯಾವತ್ತಾದರೂ ಕಾಡಬಹುದು ಎಂದು ವೈದ್ಯರು ಎಚ್ಚರಿಸಿದ್ದನ್ನು ಅವರೇ ನಗುತ್ತ ನನಗೆ ಹೇಳಿದ್ದರು.

ನನ್ನ ಮಗಳು ಶ್ರಾವ್ಯಾಳಿಗೆ ಆಗ ಹನ್ನೊಂದು. ಅವಳೂ ಅವರ ತಂಡದಲ್ಲಿದ್ದಳು. ಮೊದಲ ತಿಂಗಳು ಪಾವೆಲ್ ಹುಡುಗಿಯರಿಗೆ ಹಾಕಿ ಸ್ಟಿಕ್ಕನ್ನೇ ಮುಟ್ಟಿಸಲಿಲ್ಲ. ಬೀಳುವುದನ್ನು ಕಲಿಸಿದರು, ಎದ್ದು ನಿಲ್ಲುವುದನ್ನು ಕಲಿಸಿದರು. ಅಭ್ಯಾಸ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಒಬ್ಬೊಬ್ಬಳ ಹೆಲ್ಮೆಟ್ ತಟ್ಟಿ ಹೊರಗೆ ಕಳಿಸುತ್ತಿದ್ದರು. ಕೊನೆಯವಳು ದಾಟುವ ತನಕ ತಾವು ಐಸ್ ಬಿಟ್ಟು ಇಳಿಯುತ್ತಿರಲಿಲ್ಲ.

ಆ ಬೇಸಗೆಯಲ್ಲಿ ಐಸ್ ಹೆರೆದು ನುಣುಪು ಮಾಡುವ ನಮ್ಮ ಬ್ಯಾಟರಿ ಗಾಡಿ ಕೆಟ್ಟಿತು. ಬಿಡಿಭಾಗ ಬರಲಿಲ್ಲ, ಬಂದರಿನಲ್ಲಿ ವಿಶ್ವಕಪ್ಪಿನ ಸಾಮಾನಿಗೇ ಜಾಗ ಸಾಲದು, ನಮ್ಮ ಮೋಟಾರನ್ನು ಯಾರು ಕೇಳುತ್ತಾರೆ? ಸ್ಟೋರಿನ ಮೂಲೆಯಲ್ಲಿದ್ದ, ಸಿಲಿಂಡರಿನಿಂದ ಓಡುವ ಹಳೆಯ ಗ್ಯಾಸ್ ಗಾಡಿಯನ್ನು ಹೊರಗೆಳೆದು ಕೆಲಸ ನಡೆಸಿದೆವು. ಓಡಿಸುತ್ತಿದ್ದವನು ಕೇರಳದ ಜೋಸೆಫ್.

ಸೆಪ್ಟೆಂಬರ್‌ನ ಒಂದು ಶುಕ್ರವಾರ, ಮಧ್ಯಾಹ್ನದ ಅಭ್ಯಾಸ. ಐಸಿನ ಮೇಲೆ ಮೊಣಕಾಲೆತ್ತರಕ್ಕೆ ತೆಳು ಮಂಜು ತೇಲುತ್ತಿತ್ತು. ಪಾವೆಲ್ ಇದ್ದಕ್ಕಿದ್ದಂತೆ ಸೀಟಿ ಊದಿ ಆಟ ನಿಲ್ಲಿಸಿದರು.

“ಗೋಲಿನ ಹಿಂದೆ ನಿಂತವರು ಯಾರು? ಮುಂದೆ ಬನ್ನಿ,” ಎಂದರು.

ಅಲ್ಲಿ ಯಾರೂ ಇರಲಿಲ್ಲ. ಹುಡುಗಿಯರು ಕಿಸಕ್ಕನೆ ನಕ್ಕರು. ಪಾವೆಲ್ ನಗಲಿಲ್ಲ. ಅಭ್ಯಾಸ ಮುಗಿದ ಮೇಲೆ ಎಲ್ಲರ ಹೆಲ್ಮೆಟ್ ತಟ್ಟಿ ಕಳಿಸಿದರೂ ಬಾಗಿಲಲ್ಲೇ ನಿಂತಿದ್ದರು. ಏನಾಯಿತು ಎಂದು ಕೇಳಿದರೆ, “ಒಬ್ಬರು ಇನ್ನೂ ಬರಬೇಕು,” ಎಂದರು. ಆಮೇಲೆ ಹಣೆ ಉಜ್ಜಿಕೊಂಡು ತಾವೇ ಹೊರಟುಹೋದರು.

ಮುಂದಿನ ವಾರಗಳಲ್ಲಿ ಇದು ಹೆಚ್ಚಿತು. ಜೋಸೆಫ್ ಗಾಡಿಯ ಮೇಲೆ ಪುಟ್ಟ ಶಿಲುಬೆ ತಂದು ಅಂಟಿಸಿದ. ಅಬು ಹಮೂರಿನ ಚರ್ಚಿನಲ್ಲಿ ಮಂತ್ರಿಸಿಕೊಂಡು ಬಂದದ್ದಂತೆ. “ಸಾರ್, ಅಂದರ್ ಕೋಯಿ ಹೈ,” ಎಂದ, ಒಳಗೆ ಯಾರೋ ಇದ್ದಾರೆ ಅಂತ. ಐಸ್ ಖಾಲಿಯಿದ್ದಾಗ ಯಾರೋ ಸ್ಕೇಟ್ ಮಾಡುವ ಸದ್ದು ಕೇಳುತ್ತದೆ, ಗಾಡಿ ನಿಲ್ಲಿಸಿದರೆ ಅದೂ ನಿಲ್ಲುತ್ತದೆ ಎಂದು ಅವನ ದೂರು. ಗಾಡಿಯ ಸದ್ದೇ ಗೋಡೆಗೆ ಬಡಿದು ಬರುತ್ತಿದೆ ಕಣಯ್ಯಾ ಎಂದು ನಾನು ಗೇಲಿ ಮಾಡಿದೆ.

ಗೇಲಿ ಬಹಳ ದಿನ ಬಾಳಲಿಲ್ಲ. ಒಂದು ಮಧ್ಯಾಹ್ನ ಜೋಸೆಫ್ ಗಾಡಿ ಓಡಿಸಿ ಹೋದ ಮೇಲೆ, ನಾನೊಬ್ಬನೇ ಐಸಿನ ನಡುವೆ ಕುಕ್ಕರುಗಾಲಲ್ಲಿ ಕೂತು ದಪ್ಪ ಅಳೆಯುತ್ತಿದ್ದೆ. ಬೆನ್ನ ಹಿಂದಿನಿಂದ ಸರ್ರೆಂದು ಸ್ಕೇಟಿನ ಸದ್ದು ಹತ್ತಿರ ಬಂತು. ಬ್ಲೇಡನ್ನು ಅಡ್ಡ ಹಿಡಿದು ಗಕ್ಕನೆ ನಿಲ್ಲುವ ಸದ್ದು. ಕತ್ತಿನ ಮೇಲೆ ಉಸಿರು ತಾಗಿದಂತಾಯಿತು. ತಿರುಗಿದೆ, ಯಾರೂ ಇಲ್ಲ. ನುಣುಪು ಐಸಿನ ಮೇಲೆ ನನ್ನ ಬೂಟಿನ ಗುರುತು ಬಿಟ್ಟರೆ ಒಂದು ಗೆರೆಯೂ ಇರಲಿಲ್ಲ. ಸಾಮಾನನ್ನು ಅಲ್ಲೇ ಬಿಟ್ಟು, ಲಾರಿಗಳು ನಿಲ್ಲುವ ಹಿಂಬಾಗಿಲಿಗೆ ಹೋಗಿ ಬಿಸಿಲಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಎದೆಬಡಿತ ಇಳಿಯಿತು, ತಲೆಭಾರವೂ ಇಳಿಯಿತು.

ಅದೇ ವಾರ ಪಾವೆಲ್ ನನ್ನನ್ನು ಕಾಫಿಗೆ ಕರೆದರು. ಕಪ್ಪು ಮುಟ್ಟದೆ ಹೇಳಿದರು: “ಅವನು ಯಾರೆಂದು ಗೊತ್ತಾಯಿತು.”

ಮೂವತ್ತು ವರ್ಷದ ಹಿಂದಿನ ಮಾತು. ಎದುರಾಳಿ ತಂಡದ ಒಬ್ಬ ಹುಡುಗ, ಇಪ್ಪತ್ತರ ವಯಸ್ಸು. ಗೋಲಿನ ಹಿಂದೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಎಳೆದುಕೊಳ್ಳಲು ಬಗ್ಗಿದ್ದಾಗ ಪಾವೆಲ್ ಹೆಗಲು ಕೊಟ್ಟು ಗುದ್ದಿದರು. ನಿಯಮಬದ್ಧ ಗುದ್ದು, ರೆಫರಿ ಸೀಟಿಯನ್ನೇ ಊದಲಿಲ್ಲ. ಹುಡುಗ ಬಿದ್ದಲ್ಲಿಂದ ಏಳಲಿಲ್ಲ. ಮತ್ತೆಂದೂ ಆಡಲಿಲ್ಲ, ಕೆಲವು ವರ್ಷಗಳ ಮೇಲೆ ತೀರಿಕೊಂಡ.

“ಅವನು ಬಿದ್ದಿದ್ದಾಗ ನಾನು ತಿರುಗಿ ನೋಡಲಿಲ್ಲ. ನನ್ನ ಬೆಂಚಿಗೆ ಹೋಗಿ ನೀರು ಕುಡಿದೆ. ಈಗ ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದು ನಿಂತಿರುತ್ತಾನೆ. ಹಾಗೇ ಇದ್ದಾನೆ, ಒಂದು ದಿನವೂ ವಯಸ್ಸಾಗಿಲ್ಲ.”

ನನಗೆ ಕೇಳಿಸಿದ್ದನ್ನು ನಾನು ಹೇಳಲಿಲ್ಲ. ಪಾವೆಲ್ ಆಗಲೇ ತೀರ್ಮಾನಿಸಿದ್ದರು. ವೈದ್ಯರು ಹೇಳಿದ ದಿನ ಬಂದಿದೆ, ತಲೆ ಕೆಟ್ಟಿದೆ. ಕೆಟ್ಟ ತಲೆಯವನ ಕೈಗೆ ಮಕ್ಕಳನ್ನು ಕೊಡಬಾರದು. ಬರುವ ಶುಕ್ರವಾರದ ಅಭ್ಯಾಸವೇ ಕೊನೆಯದು, ಆಮೇಲೆ ಊರಿಗೆ. ಐಸ್ ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯ ಊರಿಗೆ ಹೋಗಿ ಏನು ಮಾಡುತ್ತಾರೆ ಎಂದು ಯೋಚಿಸಿ ನನಗೆ ಸಂಕಟವಾಯಿತು. ರಿಂಕಿನ ಮ್ಯಾನೇಜರಿಗಂತೂ ಹಾಲು ಕುಡಿದಷ್ಟು ಸಂತೋಷ. ಕೋಚ್ ವಿಚಿತ್ರವಾಗಿ ಆಡುತ್ತಾರೆ ಎಂಬ ಪೋಷಕರ ದೂರು ಕೇಳಿ ಕೇಳಿ ಅವರು ಬೇಸತ್ತಿದ್ದರು.

ಗುರುವಾರ ಸಂಜೆ ದೋಹಾದ ಹೊರವಲಯದ ಉಮ್ಮ್ ಸಲಾಲಿನ ನಮ್ಮ ಮನೆಯಲ್ಲಿ ಹೆಂಡತಿ ಸುಮಾ ತಟ್ಟೆ ಇಡುತ್ತ ಗೊಣಗಿದಳು: “ನಾಳೆ ಆಕೀನ್ನ ಕಳಸಬ್ಯಾಡ್ರೀ. ಅಲ್ಲಿ ಹೋಗಿ ಬಂದ ದಿನಾನ ತಲಿ ನೋಯ್ತದ ಅಂತಾಳ. ಶಾಲಿಗೆ ಹೋದ್ರ ನೋಯೂದಿಲ್ಲ, ಹೊರಗ ಆಡಿದ್ರ ನೋಯೂದಿಲ್ಲ. ಆ ಥಂಡಿ ಆಕೀಗೆ ಆಗವಲ್ತು.”

“ಥಂಡಿ ಅಲ್ಲಮ್ಮಾ,” ಶ್ರಾವ್ಯಾ ಎಂದಳು. “ಎಲ್ಲಾರಿಗೂ ಹೆಡೇಕ್ ಬರ್ತದ. ಕೋಚ್‌ಗೂ ಬರ್ತದ. ಕಾರ್ ಹತ್ತಿ ಮನಿಗೆ ಬಂದ್ ಮ್ಯಾಲೆ ಹೋಗ್ತದ.”

ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. ಒಳಗಿದ್ದರೆ ತಲೆನೋವು, ಹೊರಗೆ ಬಂದರೆ ಇಲ್ಲ. ನನಗೂ ಹಾಗೇ ಆಗಿತ್ತಲ್ಲ! ಡ್ಯಾಂಪರ್ ಮುಚ್ಚಿ ಗ್ಯಾಸ್ ಗಾಡಿ ಹೊರತಂದ ಮೇಲೆಯೇ ಇದೆಲ್ಲ ಶುರುವಾದದ್ದು. ಜಗತ್ತಿನ ಯಾವ ದೆವ್ವವೂ ಡ್ಯಾಂಪರ್ ನೋಡಿ ಬರುವುದಿಲ್ಲ. ಗ್ಯಾಸ್ ಗಾಡಿಯ ಹೊಗೆ ಹೋಗುವುದಾದರೂ ಎಲ್ಲಿಗೆ? ಇಂಜಿನ್ ಹಳೆಯದಾದರೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚು. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ತಲೆ ನೋಯುತ್ತದೆ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಕೊನೆಗೆ ನಿದ್ದೆಯಂತೆ ಪ್ರಜ್ಞೆ ತಪ್ಪುತ್ತದೆ. ಐಸಿನ ಮೇಲಿನ ತಣ್ಣನೆ ಗಾಳಿ ಮೇಲೇಳದೆ ಹಲಗೆಯ ಬೇಲಿಯೊಳಗೇ ಕೂತಿರುತ್ತದೆ, ಅದರೊಳಗೆ ಹೊಗೆಯೂ. ಅಲ್ಲೇ ಮಕ್ಕಳು ಏದುಸಿರು ಬಿಡುತ್ತ ಆಡುತ್ತಿದ್ದರು. ಮಾಲಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಈ ಅನಿಲಕ್ಕೆ ಹೆಜ್ಜೆಗೊಂದು ಸೆನ್ಸರ್ ಇತ್ತು. ರಿಂಕಿನಲ್ಲಿ ಒಂದೂ ಇರಲಿಲ್ಲ. ಐಸಿನ ಮೇಲೆ ಓಡುವುದೂ ಒಂದು ಗಾಡಿಯೇ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಶ್ರಾವ್ಯಾಳಿಗೆ ನಾಳೆ ಬರಬೇಡ ಎಂದೆ. ಖಚಿತವಾಗುವ ಮುಂಚೆ ಹೆದರಿಸುವುದು ಬೇಡವೆಂದು ಅವಳಿಗಾಗಲಿ ಸುಮಾಗಾಗಲಿ ಕಾರಣ ಹೇಳಲಿಲ್ಲ. ಮ್ಯಾನೇಜರಿಗೆ ಫೋನ್ ಮಾಡಿ ಅಭ್ಯಾಸ ನಿಲ್ಲಿಸಿ ಎಂದೆ. “ಪುರಾವೆ ಕೊಡು, ನಿಲ್ಲಿಸುತ್ತೇನೆ. ಅಲ್ಲಿಯವರೆಗೆ ಡ್ಯಾಂಪರನ್ನಾಗಲಿ ಗಾಡಿಯನ್ನಾಗಲಿ ಮುಟ್ಟಬೇಡ,” ಎಂದರು. ಶುಕ್ರವಾರ ಪಾರ್ಕಿಂಗಿನವರ ಬಳಿಯಿದ್ದ, ಈ ಅನಿಲ ಅಳೆಯುವ ಕೈಮೀಟರ್ ಹುಡುಕಿ ತರುವಷ್ಟರಲ್ಲಿ ಜೋಸೆಫ್ ಗಾಡಿ ಓಡಿಸಿ ಮುಗಿಸಿದ್ದ, ಹುಡುಗಿಯರು ಐಸ್ ಮೇಲಿದ್ದರು. ಬೇಲಿಯ ಬಾಗಿಲು ತೆಗೆದು ಕೈ ಒಳಚಾಚಿದೆ. ಮೀಟರ್ ಚೀರತೊಡಗಿತು.

“ಪಾವೆಲ್! ಎಲ್ಲರೂ ಹೊರಗೆ! ಯಲ್ಲಾ, ಯಲ್ಲಾ!”

ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. ಪ್ರಶ್ನೆ ಕೇಳದೆ ಸೀಟಿ ಊದಿದರು. ಜೋಸೆಫ್ ಹಿಂಬಾಗಿಲು ತೆರೆದ. ಮಕ್ಕಳು ಹೆಲ್ಮೆಟ್ ತಟ್ಟಿಸಿಕೊಳ್ಳುತ್ತ ಸಾಲಾಗಿ ಹೊರಬಂದರು. ಇಬ್ಬರು ಬಾಗಿಲಲ್ಲೇ ವಾಂತಿ ಮಾಡಿಕೊಂಡರು. ಅಂದು ಬರಬೇಕಾದವರು ಯಾರೆಂದು ನನಗೆ ಗೊತ್ತಿತ್ತು. ಎಲ್ಲರೂ ಬಂದಾಗಿತ್ತು. ಪಾವೆಲ್ ಮಾತ್ರ ಕದಲಲಿಲ್ಲ.

“ಒಬ್ಬರು ಇದ್ದಾರೆ. ಗೋಲಿನ ಹಿಂದೆ.”

“ಯಾರೂ ಇಲ್ಲ. ಅದು ವಿಷಗಾಳಿಯ ಆಟ. ನಿಮ್ಮ ತಲೆ ಕೆಟ್ಟಿಲ್ಲ, ಗಾಳಿ ಕೆಟ್ಟಿದೆ. ಬನ್ನಿ!” ಎಂದು ಅವರ ತೋಳು ಹಿಡಿದೆಳೆದೆ.

ಪಾವೆಲ್ ನನ್ನನ್ನು ನೋಡಿದರು. “ಅವನೇ ಆಗಿದ್ದರೂ ಸರಿ,” ಎಂದರು. “ಈ ಸಲ ಬಿಟ್ಟು ಬರುವುದಿಲ್ಲ.”

ಕೈ ಕೊಡವಿಕೊಂಡು ಮಂಜಿನೊಳಗೆ ಹೋದರು. ಆಚೆ ತುದಿಯಲ್ಲಿ ಬಗ್ಗಿದ್ದು ಕಂಡಿತು. ನಾನು ಉಸಿರು ಬಿಗಿಹಿಡಿದು ಹಿಂದೆ ಓಡಿದೆ. ಜಾರಿ ಬಿದ್ದೆ, ಎದ್ದೆ. ಅವರು ಎದುರಿಗೆ ಬರುತ್ತಿದ್ದರು. ತೋಳಿನಲ್ಲಿ ಒಂದು ಮಗುವಿತ್ತು. ಹೆಲ್ಮೆಟ್ಟಿನ ಜಾಲರಿಯೊಳಗೆ ನನ್ನ ಮಗಳ ಮುಖವಿತ್ತು.

ಗೆಳತಿಯ ಕಾರು ಹತ್ತಿ ಬಂದಿದ್ದಳಂತೆ. ಕೋಚ್ ಅವರ ಕೊನೆಯ ದಿನ ತಾನಿರದಿದ್ದರೆ ಹೇಗೆ ಎಂದು ಅಮ್ಮನನ್ನು ಪೀಡಿಸಿ ಒಪ್ಪಿಸಿದ್ದಳು. ಸ್ಕೇಟ್ ಕಟ್ಟಿಕೊಳ್ಳುತ್ತ ಗೆಳತಿಗಿಂತ ಹಿಂದೆ ಉಳಿದವಳು ಯಾರ ಕಣ್ಣಿಗೂ ಬೀಳದೆ ಐಸಿಗಿಳಿದು, ತಲೆ ಸುತ್ತಿ ಗೋಲಿನ ಹಿಂದೆ ಹಲಗೆಗೊರಗಿ ಕೂತುಬಿಟ್ಟಿದ್ದಳು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆಮ್ಲಜನಕ ಕೊಟ್ಟರು. ಸುಮಾ ಮಗಳ ಕಾಲು ಹಿಡಿದುಕೊಂಡು ಕೂತಿದ್ದಳು. ನಾನು ಹೊರಗೆ ಹೋಗಿ ಗೋಡೆಗೆ ಮುಖವಿಟ್ಟು ಅತ್ತೆ.

ಸಂಜೆಗೆ ಶ್ರಾವ್ಯಾ ಕಣ್ಣು ಬಿಟ್ಟಳು. ಮೊದಲು ಕೇಳಿದ್ದು: “ಅಪ್ಪಾ, ಆ ಅಣ್ಣಾನೂ ಹೊರಗ ಬಂದ್ನಾ?”

“ಯಾವ ಅಣ್ಣ?”

“ಹೆಲ್ಮೆಟ್ ಕೈಯಾಗ ಹಿಡಕೊಂಡಿದ್ದ. ನನ್ನ ಬಾಜೂಕ ಕುಂತಿದ್ದ. ನಿದ್ದಿ ಮಾಡಬ್ಯಾಡ ಅಂದ.”

ಪಾವೆಲ್ ಹೆಲ್ಮೆಟ್ಟಿನ ಮಾತನ್ನು ನನ್ನ ಹೊರತು ಯಾರಿಗೂ ಹೇಳಿರಲಿಲ್ಲ. ನಾನೂ ಮನೆಯಲ್ಲಿ ತುಟಿ ಬಿಚ್ಚಿರಲಿಲ್ಲ. ಅವಳ ಹಣೆ ಸವರಿ, ಬಂದ ಎಂದೆ.

ಗ್ಯಾಸ್ ಗಾಡಿ ಗುಜರಿಗೆ ಹೋಯಿತು, ಡ್ಯಾಂಪರ್ ತೆರೆಯಿತು, ಸೆನ್ಸರ್ ಬಂದವು. ಐಸಿನ ಮೇಲೆ ಗುಬುಟು ಎದ್ದರೆ ಏಳಲಿ, ಮಕ್ಕಳಿಗೆ ಗಾಳಿ ಬೇಕು ಎಂದು ನಾನು ಹಟ ಹಿಡಿದೆ. ಪಾವೆಲ್‌ರ ತಲೆಯನ್ನು ಸ್ಕ್ಯಾನ್ ಮಾಡಿದ ವೈದ್ಯರು ಹೆದರುವಂಥದ್ದು ಏನೂ ಇಲ್ಲ ಎಂದರು. ಅವರು ಮತ್ತೆರಡು ವರ್ಷ ಅಲ್ಲೇ ಕೋಚ್ ಆಗಿದ್ದರು. ಗೋಲಿನ ಹಿಂದೆ ಮತ್ತೆ ಯಾರೂ ಕಾಣಲಿಲ್ಲ. ಸ್ಕ್ಯಾನಿನ ಸುದ್ದಿ ತಿಳಿದ ದಿನ ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಅವರು ಮಂಕಾಗಿ ಕೇಳಿದರು: “ಹಾಗಾದರೆ ಅವನು ಬಂದೇ ಇರಲಿಲ್ಲವೇ?”

ನಾನು ಎಂಜಿನಿಯರ್, ಉತ್ತರ ಗೊತ್ತಿತ್ತು. ಆದರೂ ಮಗಳು ಹೇಳಿದ್ದನ್ನು ಇದ್ದದ್ದು ಇದ್ದಂತೆ ಹೇಳಿದೆ. ಆ ಗಟ್ಟಿ ಮನುಷ್ಯ ನನ್ನ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತರು.

ಈಗ ಆ ಕೆಲಸ ಬಿಟ್ಟು ಊರಿಗೆ ಮರಳಿದ್ದೇನೆ. ಕಿರಿಯ ಎಂಜಿನಿಯರುಗಳು ಆಗಾಗ ಸಲಹೆ ಕೇಳುತ್ತಾರೆ. ಒಬ್ಬನಿಗೆ ಇಲ್ಲದ್ದು ಕಂಡರೆ ಅವನನ್ನು ಹುಚ್ಚನೆನ್ನುವ ಮೊದಲು ಅವನು ಉಸಿರಾಡುವ ಗಾಳಿಯನ್ನು ಅಳೆಯಿರಿ ಎನ್ನುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ಇನ್ನೊಂದು ಪಾಠವಿದೆ, ಅದನ್ನು ಯಾವ ಸುರಕ್ಷತಾ ತರಬೇತಿಯೂ ಒಪ್ಪುವುದಿಲ್ಲ. ಒಳಗೆ ಒಬ್ಬರಿದ್ದಾರೆ ಎಂದು ಯಾರಾದರೂ ಹೇಳಿದರೆ, ಇಲ್ಲ ಎಂದು ನಾನು ವಾದಿಸುವುದಿಲ್ಲ. ಹೋಗಿ ನೋಡಿ ಬರುತ್ತೇನೆ.