ಲಗ್ನಪತ್ರಿಕೆಗೆ ಬರೆದ ಬಳ್ಳಿ ಅಕ್ಷರ

ತಿಪಟೂರಿನ ಬಸ್ ನಿಲ್ದಾಣದ ಹಿಂದಿದ್ದ ಪ್ರೆಸ್ಸಿಗೆ ಕಂಪ್ಯೂಟರ್ ಬಂದ ಮರುವರ್ಷ ನಾನು ಅಲ್ಲಿ ಅದರಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಕೆಲಸಕ್ಕೆ ಸೇರಿದೆ. ಇಂಗ್ಲಿಷಿನಲ್ಲಿ ಬಾಲ ಬೀಸಿ ಬಳುಕುವ ಅಕ್ಷರಗಳು ಹತ್ತಾರು ಬಗೆ ಇದ್ದವು. ಕನ್ನಡಕ್ಕಿದ್ದದ್ದು ಮೂರೇ ಫಾಂಟ್. ಮೂರೂ ಸರ್ಕಾರಿ ನೋಟೀಸಿಗೆ ಹೇಳಿ ಮಾಡಿಸಿದಂಥವು.

ಒಂದು ದಿನ ದಬ್ಬೇಘಟ್ಟದ ಹೆಂಗಸೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಮಾದರಿಗಳ ನಡುವಿನ ಒಂದು ಇಂಗ್ಲಿಷ್ ಕಾರ್ಡಿನ ಮೇಲೆ ಬೆರಳಾಡಿಸುತ್ತಾ ನನ್ನನ್ನು ಕೇಳಿದರು.

“ಇಷ್ಟು ಚೆಂದಾಗಿ ಕನ್ನಡದಾಗೆ ಬರಾಕಿಲ್ವೇನವ್ವ? ನಾನು ಓದಿರೋದು ಮೂರ್ನೇ ಕ್ಲಾಸು. ಮಗಳ ಕಾರ್ಡು ನಾನೇ ಓದ್ಬೇಕು.”

“ಬರುತ್ತೆ ಅಮ್ಮಾ,” ಅಂದುಬಿಟ್ಟೆ. ಮದುವೆಗೆ ಇನ್ನೂ ಮೂರು ತಿಂಗಳಿತ್ತು.

ಅವರು ಹೋದಮೇಲೆ ಪ್ರೆಸ್ಸಿನ ಮಾಲೀಕರು ನಕ್ಕರು. “ಎಲ್ಲಿಂದ ತರ್ತೀಯಮ್ಮ? ಅಂಥದ್ದು ಸಿಕ್ಕಿದ್ರೆ ನಾನು ಬುಡ್ತಿದ್ನಾ?”

“ನಾನೇ ಬರೀತೀನಿ ಸಾರ್.”

ಕರೆಂಟ್ ಹೋದಾಗಲೆಲ್ಲ ಕಿಟಕಿ ಪಕ್ಕ ಕೂತು, ತುದಿ ಓರೆ ಮಾಡಿದ ಬಿದಿರು ಕಡ್ಡಿಯನ್ನು ಕಪ್ಪು ಶಾಯಿಯಲ್ಲಿ ಅದ್ದಿ ಬರೆದೆ. ಸ್ವರಗಳು ಬೇಗ ಒಲಿದವು. ಒತ್ತಕ್ಷರಗಳು ಜೀವ ತಿಂದವು. ‘ಲಗ್ನಪತ್ರಿಕೆ’ ಎಂದು ಬರೆದರೆ ರ ಒತ್ತಿನ ಬಾಲ ಬಲಕ್ಕೆ ಹೋಗಿ ‘ಕೆ’ಯ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಒಂದು ಮಧ್ಯಾಹ್ನ ಸಿಟ್ಟು ಬಂದು ಬಾಲವನ್ನು ಎಡಕ್ಕೆ ಎಳೆದೆ. ಅದು ನ ಒತ್ತನ್ನು ತೊಟ್ಟಿಲಲ್ಲಿ ಹಿಡಿದಂತೆ ಬಳಸಿ, ‘ಲ’ದ ಕೆಳಗೆ ಸುರುಳಿಯಾಗಿ ನಿಂತಿತು. ಇಡೀ ಪದವೇ ಎದ್ದು ಕುಣಿದಂತಿತ್ತು. ಆ ಪದಕ್ಕೆಂದೇ ಕೀಬೋರ್ಡಿನಲ್ಲಿ ಬೇರೆ ಕೀ ಮೀಸಲಿಟ್ಟೆ.

ಎಲ್ಲ ಅಕ್ಷರಗಳನ್ನೂ ಸ್ಕ್ಯಾನ್ ಮಾಡಿ, ತಿದ್ದಿ, ಫಾಂಟಾಗಿ ಜೋಡಿಸುವ ಹೊತ್ತಿಗೆ ಎರಡು ತಿಂಗಳಾಯಿತು. ಕೊನೆಗೆ ಕೀ ಒತ್ತಿದೆ. ಪರದೆಯ ಮೇಲೆ ನನ್ನ ಕೈಯ ‘ಶ್ರೀ’ ಮೂಡಿತು. ಮಾಲೀಕರು ಕನ್ನಡಕ ಒರೆಸಿ ಹಾಕಿಕೊಂಡು, “ಇನ್ನೊಂದ್ಸಲ ಒತ್ತು,” ಅಂದರು.

ಆ ತಾಯಿ ಕರಡು ನೋಡಲು ಬಂದು, ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದರು. ‘ಜ್ಯೇಷ್ಠ ಪುತ್ರಿ’ಯ ಹತ್ತಿರ ತಡವರಿಸಿದರು. ನಾನು ಬಗ್ಗಿ ನೋಡಿದೆ. ತಪ್ಪು ಅವರದಲ್ಲ. ನನ್ನ ಠ ಒತ್ತಿಗೆ ಸುರುಳಿ ಹೆಚ್ಚಾಗಿತ್ತು. ಅವರನ್ನು ಕೂರಿಸಿ ಅಲ್ಲೇ ಸುರುಳಿ ಕತ್ತರಿಸಿ, ಇನ್ನೊಂದು ಪ್ರತಿ ತೆಗೆದುಕೊಟ್ಟೆ. ಈ ಸಲ ಮೇಲಿನಿಂದ ಕೆಳಗಿನವರೆಗೆ ಎಲ್ಲೂ ನಿಲ್ಲದೆ ಓದಿದರು.

“ಪೂರಾ ಓದ್ದೆ ಕಣ್ರೀ!” ಎಂದು ಮಾಲೀಕರ ಕಡೆ ತಿರುಗಿದಾಗ ಆ ತಾಯಿಯ ಮುಖ ನೋಡಬೇಕಿತ್ತು.

ಮದುವೆ ತುರುವೇಕೆರೆಯ ಛತ್ರದಲ್ಲಿ. ಬಾಗಿಲ ಮೇಲೆ ಥರ್ಮೋಕೋಲಿನಲ್ಲಿ ಕೊರೆದ ಆಳುದ್ದದ ‘ಶುಭವಿವಾಹ’ವೂ ನನ್ನ ಅಕ್ಷರವೇ. ಗಂಡಿನ ಕಡೆಯವರೊಬ್ಬರು, “ಬೆಂಗ್ಳೂರಾಗೆ ಮಾಡ್ಸಿದ್ರಾ?” ಎಂದು ಕೇಳುತ್ತಿದ್ದರು.

“ಬೆಂಗ್ಳೂರೂ ಇಲ್ಲ, ಏನೂ ಇಲ್ಲ. ನಮ್ ತಿಪ್ಟೂರ್ದು. ಬರ್ದೋಳು ಇವ್ಳೇ ಕಣ್ರೀ,” ಎಂದು ಆ ತಾಯಿ ಕೈಹಿಡಿದು ನನ್ನನ್ನು ಮುಂದಕ್ಕೆಳೆದರು. ಹತ್ತಾರು ಜನ ತಿರುಗಿ ನೋಡಿದರು. ನಾನು ತಲೆ ತಗ್ಗಿಸಲಿಲ್ಲ.

ಬೀಗರ ಜೊತೆ ಮೊದಲ ಪಂಕ್ತಿಯಲ್ಲೇ ನನ್ನನ್ನು ಊಟಕ್ಕೆ ಕೂರಿಸಿದರು. ಕೈ ತೊಳೆದು ಬರುವಷ್ಟರಲ್ಲಿ, ಮುಂದಿನ ತಿಂಗಳು ಮದುವೆ ಇಟ್ಟುಕೊಂಡಿದ್ದ ಇಬ್ಬರು ಅದೇ ಅಕ್ಷರ ಬೇಕೆಂದು ನನಗಾಗಿ ಕಾಯುತ್ತಿದ್ದರು.